ಅಡಿಗೆಮನೆ ಬಾಗಿಲಿನ ಇಂಡಿಯಾದವನು

ಆ ಕ್ಯಾಸೆಟ್ಟು ಗರಾಜಿನ ಅಟ್ಟದಲ್ಲೇ ಇದ್ದಿದ್ದರೆ ದ್ವಾರಕಾನಾಥರ ಮರ್ಯಾದೆಯೂ ಅಲ್ಲೇ ಭದ್ರವಾಗಿರುತ್ತಿತ್ತು. ಆದರೆ ನವರಾತ್ರಿಗೆ ಇನ್ನೂ ದಿನವಿರುವಾಗಲೇ ಅವರ ಹೆಂಡತಿ ವಸಂತಲಕ್ಷ್ಮಿಗೆ ಗೊಂಬೆಗಳ ಪೆಟ್ಟಿಗೆ ಇಳಿಸುವ ಹುಮ್ಮಸ್ಸು ಬಂತು. ಪಟ್ಟದ ಗೊಂಬೆಗಳ ಹಿಂದೆಯೇ ಹಳೆಯ ಕ್ಯಾಸೆಟ್ಟುಗಳ ಡಬ್ಬವೂ ಇಳಿಯಿತು. ಸುಪ್ರಭಾತ, ದೇವರನಾಮ, ಯಾರದೋ ಮದುವೆಯ ನಾದಸ್ವರ. ಇವುಗಳ ನಡುವೆ, ಊರಿನವರ ಗುಂಪಿನಲ್ಲಿ ಸಿಕ್ಕಿಕೊಂಡ ಪರದೇಶಿಯ ಹಾಗೆ ಒಂದು ಬೇರೆ ಥರದ ಕ್ಯಾಸೆಟ್ಟಿತ್ತು. ಹೊದಿಕೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆದ ಮೂರು ಮಹಡಿಯ ಮನೆ, ಅದರ ಕೆಳಗೆ ಫ್ರೆಂಚ್ ಅಕ್ಷರ.

ಅವತ್ತೇ ರಾತ್ರಿ ಅಖಿಲ್ ಊಟಕ್ಕೆ ಬಂದ. ಎಜುಕೇಶನ್ ಹಿಲ್ ಬಡಾವಣೆಯಲ್ಲಿ ಅವರ ಪಕ್ಕದ ಬೀದಿಯ ಹುಡುಗ. ಬೆಲ್‌ವ್ಯೂನಲ್ಲಿ ವಿಡಿಯೋ ಗೇಮ್ ಮಾಡುವ ಕಂಪನಿಯೊಂದರಲ್ಲಿ ಕೆಲಸ. ಡಾಲರಿನ ಸಂಬಳ ಹೊಸ ಗೇಮಿನಿಂದ ಬಂದರೂ ಪ್ರೀತಿಯೆಲ್ಲ ಹಳೆಯ ಕಂಪ್ಯೂಟರುಗಳ ಮೇಲೆ. ಆ ಕ್ಯಾಸೆಟ್ಟು ಕಂಡದ್ದೇ ಅವನ ಕೈಯ ತುತ್ತು ಬಾಯಿಗೆ ಹೋಗುವುದನ್ನು ಮರೆಯಿತು.

"ಆಂಟಿ, ಇದೆಲ್ಲಿತ್ತು? ಇದು ಎಂಬತ್ತರ ದಶಕದ ಫ್ರೆಂಚ್ ಗೇಮು. ಒಂದು ಹಳೇ ಪತ್ರಿಕೇಲಿ ಇದರ ಬಗ್ಗೆ ಒಂದು ಸಾಲು ಓದಿದೀನಿ ಅಷ್ಟೆ. ಆಡಿದವರು ಯಾರೂ ಸಿಕ್ಕಿಲ್ಲ."

"ನಮ್ಮನೆಯವರು ಅಲ್ಲೇ ಇದ್ರಲ್ಲಪ್ಪ," ಎಂದರು ವಸಂತಲಕ್ಷ್ಮಿ ಸಾರು ಬಡಿಸುತ್ತ. "ಮದುವೆಯಾದ ಹೊಸದರಲ್ಲಿ ನನ್ನನ್ನ ಮೈಸೂರಲ್ಲಿ ಬಿಟ್ಟು, ವಿಮಾನದ ಕೆಲಸ ಕಲಿಯೋಕೆ ಅಂತ ಫ್ರಾನ್ಸಿನ ಟುಲೂಸಿಗೆ ಹೋಗಿದ್ರು. ಇವರಿದ್ದ ಮನೆ ಓನರಮ್ಮನೇ ಇದನ್ನ ಮಾಡಿದ್ದಂತೆ. ಇವರೂ ಜೊತೇಲಿ ಕೂತಿರ್ತಿದ್ರಂತೆ."

ದ್ವಾರಕಾನಾಥರು ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು. ಅವರ ಎದೆಯಲ್ಲಿ ಏನೋ ಮುರಿದ ಸದ್ದಾಯಿತು, ಅಥವಾ ಹಾಗನ್ನಿಸಿತು.

ಜೊತೆಯಲ್ಲಿ ಕೂತಿದ್ದರು ಎಂಬ ಸುದ್ದಿ ಅಖಿಲನಿಂದ ಲಕ್ಷ್ಮೀಕಾಂತನಿಗೆ ಹೋಯಿತು. ಲಕ್ಷ್ಮೀಕಾಂತ ಕನ್ನಡ ಸಂಘದ ಕಾರ್ಯದರ್ಶಿ. ಯಾರಾದರೂ ಸೀನಿದರೂ ಅದಕ್ಕೊಂದು ಸಮಾರಂಭ ಏರ್ಪಡಿಸುವ ಉತ್ಸಾಹಿ. ಅವನ ವಾಟ್ಸಾಪ್ ಗುಂಪು ದಾಟುವಷ್ಟರಲ್ಲಿ ಕೂತಿದ್ದವರು ಗೇಮ್ ಮಾಡಿದವರೇ ಆಗಿಬಿಟ್ಟರು. ಶನಿವಾರ ಮಧ್ಯಾಹ್ನ ಬೆಲ್‌ವ್ಯೂನ ಒಂದು ಸಣ್ಣ ಸಭಾಂಗಣದಲ್ಲಿ ಅಖಿಲನ ಹಳೆ ಕಂಪ್ಯೂಟರ್ ಗೆಳೆಯರು ಕಾಫಿ ಕುಡಿಯುತ್ತ ಆಟ ನೋಡುವುದೆಂದು ಇದ್ದದ್ದು, ಸನ್ಮಾನ ಸಮಾರಂಭವಾಯಿತು. ಶಾಲು, ಹಣ್ಣಿನ ಬುಟ್ಟಿ, 'ಫ್ರೆಂಚ್ ಗೇಮ್ ಲೋಕದ ಕನ್ನಡಿಗ' ಎಂಬ ಬ್ಯಾನರು, ಎಲ್ಲ ನಿಗದಿಯಾದವು. ಮೊದಲೇ ಹಾಕಿ ನೋಡಿ, ಒಂದು ಪ್ರತಿ ಇಟ್ಟುಕೊಳ್ಳುತ್ತೇನೆ ಎಂದ ಅಖಿಲನನ್ನೂ ಲಕ್ಷ್ಮೀಕಾಂತ ತಡೆದ. "ಬೇಡಪ್ಪ, ಸಭೇಲೇ ಮೊದಲನೇ ಸಲ ತೆರೀಬೇಕು. ಅಲ್ಲೀವರೆಗೂ ಅದು ಸರ್ ಮನೇಲೇ ಇರ್ಲಿ."

ಸರ್ ಮನೆಯಲ್ಲಿ ಸರ್‌ಗೆ ನಿದ್ದೆಯಿಲ್ಲದಂತಾಯಿತು.

ನಡೆದದ್ದು ಇಷ್ಟು. ಟುಲೂಸಿನಲ್ಲಿ ದ್ವಾರಕಾನಾಥರು ಮೂರನೇ ಮಹಡಿಯ ಕೋಣೆಯೊಂದರಲ್ಲಿದ್ದರು. ಮನೆಯೊಡತಿ ಮದಾಮ್ ಸಿಮೋನ್ ಸ್ಕೂಲಿನಲ್ಲಿ ಚರಿತ್ರೆ ಹೇಳಿಕೊಡುವ ಟೀಚರು. ಸ್ಕೂಲಿಗೆ ಬಂದಿದ್ದ ಕಂಪ್ಯೂಟರನ್ನು ರಜೆಯಲ್ಲಿ ಮನೆಗೆ ಹೊತ್ತು ತಂದು, ಡ್ರಾಯಿಂಗ್ ಮೇಷ್ಟ್ರನ್ನು ಜೊತೆಗೆ ಕೂರಿಸಿಕೊಂಡು, ಅಡಿಗೆಮನೆಯ ಮೇಜಿನ ಮೇಲೆ ಗೇಮ್ ಮಾಡಲು ಕೂತಿದ್ದಳು. ಆಗ ಅಲ್ಲಿ ಗೇಮ್ ಅಂದರೆ ಹೀಗೇ ಇರಬೇಕೆಂದು ಯಾರೂ ಇನ್ನೂ ಕಟ್ಟುಪಾಡು ಹಾಕಿರಲಿಲ್ಲ. ಕತೆ ಬರೆಯುವವರು, ಪಾಠ ಹೇಳುವವರು, ಚಿತ್ರ ಬರೆಯುವವರು, ಯಾರಿಗೆ ಏನು ತೋಚಿದರೆ ಅದನ್ನೇ ಮಾಡಿ ನೋಡುತ್ತಿದ್ದರು. ಗುಂಡು ಹೊಡೆಯುವ ಆಟ ತನಗೆ ಬೇಡವೆಂದಿದ್ದಳು ಸಿಮೋನ್. ಅವಳ ಆಟದಲ್ಲಿ ಇದ್ದದ್ದು ಒಂದು ಬಾಡಿಗೆ ಮನೆ. ಅಲ್ಲಿ ಒಬ್ಬೊಬ್ಬರಿಗೆ ಒಂದೊಂದು ದುಃಖ. ಯಾರಿಗೆ ಏನು ಬೇಕೆಂದು ತಿಳಿದು ಅದನ್ನು ಕೊಟ್ಟರೆ ಮುಂದಿನ ಬಾಗಿಲು ತೆರೆಯುತ್ತದೆ. ಪಾಯಿಂಟೂ ಇಲ್ಲ, ಶತ್ರುವೂ ಇಲ್ಲ. ಬೆಳಕಿನ ಪೆನ್ನೊಂದನ್ನು ಟೀವಿಯ ಗಾಜಿಗೆ ಒತ್ತಿ ಮೇಷ್ಟ್ರು ಚಿತ್ರ ಬರೆಯುತ್ತಿದ್ದರೆ, ದ್ವಾರಕಾನಾಥರು ರಂಗೋಲಿ ನೋಡುವ ಮಗುವಿನ ಹಾಗೆ ಬಾಯಿ ತೆರೆದು ನೋಡುತ್ತಿದ್ದರು.

ಅವರಿಗೂ ಒಂದು ಕೆಲಸವಿತ್ತು. ಆಡಿ ನೋಡುವುದು. ಅವರ ಫ್ರೆಂಚ್ ಎಷ್ಟು ಹರಕಲೆಂದರೆ, ಅವರಿಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತದೆ ಎಂಬುದು ಸಿಮೋನಳ ಲೆಕ್ಕ. 'ಕೊಡು ಸೇಬು', 'ತೆಗೆ ಬಾಗಿಲು' ಎಂಬಂಥ ಎರಡೇ ಮಾತಿನ ಅಪ್ಪಣೆಗಳಲ್ಲಿ ಇಡೀ ಆಟ ನಡೆಯುವಂತಾದದ್ದು ಹಾಗೆ. ಫ್ರೆಂಚ್ ಗೇಮ್ ಲೋಕಕ್ಕೆ ದ್ವಾರಕಾನಾಥರ ಕೊಡುಗೆ ಅವರ ದಡ್ಡತನ. ಅದಕ್ಕೆ ಸನ್ಮಾನ ಮಾಡಿಸಿಕೊಳ್ಳಲು ಅವರಿಗೆ ಅಂಥ ಅಭ್ಯಂತರವೂ ಇರಲಿಲ್ಲ.

ತೊಂದರೆ ಇದ್ದದ್ದು ಬೇರೆ ಕಡೆ. ಮೊದಲ ವಾರವೆಲ್ಲ ಬ್ರೆಡ್ಡು ಜಾಮಿನಲ್ಲಿ ದಿನ ತಳ್ಳುತ್ತಿದ್ದ ಈ ಮೈಸೂರಿನ ಮಡಿವಂತ ಹುಡುಗನ ಮುಂದೆ, ಒಂದು ಸಂಜೆ ಸಿಮೋನ್ ತಟ್ಟೆಯೊಂದನ್ನಿಟ್ಟಳು. ಹಳದಿಯದು, ಅರ್ಧಚಂದ್ರದ ಹಾಗೆ ಮಡಿಚಿದ್ದು, ಮೇಲೆ ಮೆಣಸಿನ ಪುಡಿ. ಕಡಲೆಹಿಟ್ಟಿನ ದೋಸೆ ಎಂದುಕೊಂಡು ತಿಂದರು. ಅದು ಆಮ್ಲೆಟ್ ಎಂದು ಮಾರನೆಯ ದಿನ ಗೊತ್ತಾಯಿತು. ಗೊತ್ತಾದ ಮೇಲೂ ತಿಂದರು. ಆಮೇಲೆ ಅದಿಲ್ಲದೆ ಸಂಜೆಯೇ ಆಗುತ್ತಿರಲಿಲ್ಲ. ಇದನ್ನು ಕಂಡ ಸಿಮೋನ್, ಆಟದಲ್ಲಿ ಅವರನ್ನೇ ಒಬ್ಬ ಬಾಡಿಗೆದಾರನನ್ನಾಗಿ ಮಾಡಿ ಅಡಿಗೆಮನೆಯ ಬಾಗಿಲಲ್ಲಿ ನಿಲ್ಲಿಸಿದಳು. ಆಮ್ಲೆಟ್ ಕೊಡದಿದ್ದರೆ ಆತ ಜಪ್ಪಯ್ಯ ಅಂದರೂ ಸರಿಯುವುದಿಲ್ಲ.

ಊರಿಗೆ ಮರಳಿ ತಾಯಿಯ ಕಾಲಿಗೆ ನಮಸ್ಕಾರ ಮಾಡುವಾಗ ದ್ವಾರಕಾನಾಥರಿಗೆ ಅಳುವೇ ಬಂದಿತ್ತು. ಅವತ್ತಿನಿಂದ ಮೊಟ್ಟೆಯ ನೆರಳನ್ನೂ ಸೋಕಿಸಿಕೊಳ್ಳಲಿಲ್ಲ. ಪಶ್ಚಾತ್ತಾಪ ಅಲ್ಲಿಗೇ ನಿಂತಿದ್ದರೂ ಚೆನ್ನಾಗಿತ್ತು. ಅದು ಬೆಳೆದು ಬೆಳೆದು ಇತರರ ತಟ್ಟೆಗೂ ಕೈಹಾಕಿತು. ಆಮೇಲೆ ಈ ದೇಶಕ್ಕೆ ಬಂದು, ಹತ್ತಿರದ ಕೆಂಟ್‌ನ ವಿಮಾನದ ಬಿಡಿಭಾಗದ ಕಾರ್ಖಾನೆಯಲ್ಲಿ ಜೀವಮಾನವೆಲ್ಲ ತಪಾಸಣೆಯ ಕೆಲಸ ಮಾಡಿದವರು, ನಿವೃತ್ತರಾದ ಮೇಲೆ ಸಂಘದ ಮಕ್ಕಳ ಬರ್ತ್‌ಡೇಗಳಲ್ಲಿ ಕೇಕಿನ ತಪಾಸಣೆ ಹಿಡಿದರು. ಕನ್ನಡಕ ಏರಿಸಿ ಡಬ್ಬದ ಮೇಲಿನ ಸಣ್ಣಕ್ಷರ ಓದಿ, "ಮೊಟ್ಟೆ ಇದೆ, ವಾಪಸ್ ಕಳಿಸಿ" ಎಂದರೆ ಮುಗಿಯಿತು. ಹಾಗೆ ಕಳಿಸಿದ ಕೇಕುಗಳಿಗಾಗಿ ಅತ್ತ ಮಕ್ಕಳು ಈಗ ಕಾಲೇಜಿನಲ್ಲಿದ್ದರು.

ಇಷ್ಟಾದರೂ ಒಂದು ಆಸೆ ಒಳಗೊಳಗೇ ಮಿಸುಕುತ್ತಿತ್ತು. ಹೊರಡುವ ದಿನ ಸಿಮೋನ್ ಕ್ಯಾಸೆಟ್ಟು ಕೈಗಿಟ್ಟು, "ಅಡಿಗೆಮನೆ ದಾಟಿದರೆ ಕೊನೆಯ ಕೋಣೆ. ಅದರಲ್ಲಿ ನಿನಗೋಸ್ಕರ ಏನೋ ಒಂದು ಇಟ್ಟಿದ್ದೇನೆ. ಊರಿಗೆ ಹೋಗಿ ನೋಡು" ಎಂದಿದ್ದಳು. ಮೈಸೂರಿನಲ್ಲಿ ಆ ಕಂಪ್ಯೂಟರು ಎಲ್ಲಿಂದ ಬರಬೇಕು? ಕೆಲವು ವರ್ಷಗಳ ಮೇಲೆ ಸಿಮೋನ್ ತೀರಿಹೋದಳೆಂದು ಡ್ರಾಯಿಂಗ್ ಮೇಷ್ಟ್ರಿಂದ ತಿಳಿಯಿತು. ಕೋಣೆ ಹಾಗೆಯೇ ಉಳಿಯಿತು. ಆ ಕೋಣೆ ನೋಡಬೇಕು. ಆದರೆ ಆ ಬಾಗಿಲು ತೆರೆಯಬಾರದು. ಈ ಎರಡರ ನಡುವೆ ದ್ವಾರಕಾನಾಥರು ಬಾಗಿಲ ಸಂದಿಗೆ ಸಿಕ್ಕ ಬೆರಳಾಗಿದ್ದರು.

ಶನಿವಾರ ಬೆಳಗಾಯಿತು. ಮರ್ಯಾದೆಯೇ ದೊಡ್ಡದೆಂದು ತೀರ್ಮಾನಿಸಿ ಎದ್ದರು. ಅಯಸ್ಕಾಂತ ತಾಗಿದರೆ ಟೇಪು ಅಳಿಸಿಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಮನೆಯಲ್ಲಿದ್ದ ಅಯಸ್ಕಾಂತ ಒಂದೇ: ಫ್ರಿಜ್ಜಿನ ಮೇಲಿನ ತಿರುಪತಿ ತಿಮ್ಮಪ್ಪ. ವಸಂತಲಕ್ಷ್ಮಿ ಸ್ನಾನಕ್ಕೆ ಹೋದದ್ದೇ ತಿಮ್ಮಪ್ಪನನ್ನು ಕಿತ್ತು ಕ್ಯಾಸೆಟ್ಟಿನ ಮೇಲೆ ಆ ಕಡೆ ಈ ಕಡೆ ಉಜ್ಜಿದರು. "ಸ್ವಾಮಿ, ಹಳೇ ತಪ್ಪು, ಅಳಿಸಿಬಿಡಪ್ಪ," ಎಂದು ಬೇಡಿಕೊಂಡರು. ಆದರೆ ಆ ತಿಮ್ಮಪ್ಪನಿಗೆ ಒಂದು ಕರೆಂಟ್ ಬಿಲ್ಲನ್ನು ಜಾರದಂತೆ ಹಿಡಿಯುವ ಶಕ್ತಿಯೂ ಇರಲಿಲ್ಲವೆಂಬುದು ನೆನಪಾಗಿ, ನಂಬಿಕೆ ಸಾಲದೆ, ಎರಡನೆಯ ಉಪಾಯಕ್ಕೆ ಕೈಹಾಕಿದರು. ಹೊಟ್ಟೆ ಹಿಡಿದುಕೊಂಡು ಸೋಫಾದ ಮೇಲೆ ಮಲಗಿದರು.

"ಏನಾಯ್ತು ರೀ?"

"ಹೊಟ್ಟೆ ತೊಳಸ್ತಿದೆ. ಇವತ್ತು ಬರೋಕಾಗಲ್ಲ ಕಣೆ. ಲಕ್ಷ್ಮೀಕಾಂತಂಗೆ ಕಾಲ್ ಮಾಡಿ ಹೇಳ್ಬಿಡು."

ವಸಂತಲಕ್ಷ್ಮಿ ಕಾಲ್ ಮಾಡಿದ್ದು ಪಕ್ಕದ ಮನೆಯ ಸುಮಿತ್ರಮ್ಮನಿಗೆ. ಸುಮಿತ್ರಮ್ಮ ಇವರಿಗಿಂತ ನಾಲ್ಕಾರು ವರ್ಷ ಹಿರಿಯರು. ಬೀದಿಯ ಯಾವ ಮನೆಯ ಹೊಟ್ಟೆನೋವೂ ಅವರ ಕೈ ದಾಟಿ ಡಾಕ್ಟರ ಹತ್ತಿರ ಹೋಗುವಂತಿರಲಿಲ್ಲ. ಪ್ರತಿ ಶುಕ್ರವಾರ ಸಂಜೆ ಅವರ ಮನೆಯಲ್ಲಿ ಹೆಂಗಸರ ಲಲಿತಾ ಸಹಸ್ರನಾಮ ಪಾರಾಯಣ. ವಸಂತಲಕ್ಷ್ಮಿ ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಅಲ್ಲಿಂದ ಬಂದ ರಾತ್ರಿ, ಪ್ರಸಾದದಲ್ಲೇ ಹೊಟ್ಟೆ ತುಂಬಿದೆ ಎಂದು ಊಟವನ್ನೂ ಮಾಡುತ್ತಿರಲಿಲ್ಲ. ಅಂಥ ಭಕ್ತಿಯನ್ನು ಕಂಡು ದ್ವಾರಕಾನಾಥರಿಗೆ ಹೆಮ್ಮೆಯೇ ಇತ್ತು.

ಸುಮಿತ್ರಮ್ಮ ಲೋಟದ ತುಂಬ ಓಮಿನ ಕಷಾಯ ಹಿಡಿದೇ ಬಂದರು. "ಕುಡೀರಿ. ಸನ್ಮಾನ ಅಂದ್ರೆ ಗಂಡಸರಿಗೆ ಹೀಗೇ ಆಗೋದು. ನಮ್ಮನೆಯವರಿಗೆ ರಿಟೈರ್ಮೆಂಟ್ ದಿನ ಎರಡು ಸಲ ಆಗಿತ್ತು."

ಕಷಾಯ ಕುಡಿದ ಮೇಲೆ ಹೊಟ್ಟೆ ನಿಜವಾಗಿಯೂ ತೊಳಸತೊಡಗಿತು. ಆದರೆ ಅದನ್ನು ಹೇಳಿದರೆ ಇನ್ನೊಂದು ಲೋಟ ಬರುತ್ತದೆಂದು ಹೆದರಿ, "ಈಗ ಪರವಾಗಿಲ್ಲ" ಎಂದು ಎದ್ದು ಕೂತರು.

ಉಳಿದದ್ದು ಮೂರನೆಯ ಉಪಾಯ. ಹೆಂಗಸರು ಸೀರೆಯ ಬಣ್ಣ ಚರ್ಚಿಸುತ್ತ ಒಳಗೆ ಹೋದಾಗ, ಹಳೆಯ ಡಬ್ಬದಿಂದ ಕೈಗೆ ಸಿಕ್ಕ ಒಂದು ಕ್ಯಾಸೆಟ್ಟನ್ನು ತೆಗೆದು ಫ್ರೆಂಚ್ ಹೊದಿಕೆಯೊಳಗೆ ಸೇರಿಸಿದರು. ನಿಜವಾದದ್ದನ್ನು ಅಡಿಗೆಮನೆಯ ಅಕ್ಕಿ ಡಬ್ಬದಲ್ಲಿ ಮೊಣಕೈವರೆಗೆ ಕೈಯಿಳಿಸಿ ಹೂತರು. ಸಭೆಯಲ್ಲಿ ಏನೂ ಬರದಿದ್ದರೆ ಟೇಪು ಹಾಳಾಗಿದೆ ಎಂದುಕೊಳ್ಳುತ್ತಾರೆ. ಮುಂದೊಂದು ದಿನ ಅಖಿಲನನ್ನು ಒಬ್ಬನನ್ನೇ ಕೂರಿಸಿಕೊಂಡು ಕೊನೆಯ ಕೋಣೆ ನೋಡಿದರಾಯಿತು. ಅಕ್ಕಿಯ ಮೇಲ್ಭಾಗವನ್ನು ಅಂಗೈಯಿಂದ ಸಮ ಮಾಡಿ ಕೈ ಕೊಡವಿಕೊಂಡಾಗ, ಇದು ಮೊದಲೇ ಏಕೆ ಹೊಳೆಯಲಿಲ್ಲವೆಂದು ತಮ್ಮ ಮೇಲೆ ತಮಗೇ ಅಕ್ಕರೆ ಬಂತು.

ಊಟವಾದ ಮೇಲೆ ಲಕ್ಷ್ಮೀಕಾಂತ ತನ್ನ ಕಾರು ತಂದ. ದ್ವಾರಕಾನಾಥರು ಮುಂದೆ ಕೂತರು. ಹಿಂದೆ ಹೆಂಗಸರಿಬ್ಬರು, ಅವರ ಮಧ್ಯೆ ಹಣ್ಣಿನ ಬುಟ್ಟಿ. ಐನೂರಿಪ್ಪತ್ತನೇ ನಂಬರಿನ ಹೆದ್ದಾರಿಗೆ ಬಂದು ಟ್ರಾಫಿಕ್ಕಿನಲ್ಲಿ ನಿಂತಾಗ ಸುಮಿತ್ರಮ್ಮನಿಗೆ ಬೇಸರವಾಯಿತು.

"ಆ ಕ್ಯಾಸೆಟ್ ಕೊಡಿ ಇಲ್ಲಿ, ನಾನೂ ನೋಡ್ತೀನಿ," ಎಂದು ದ್ವಾರಕಾನಾಥರ ಕೈಯಿಂದ ತೆಗೆದುಕೊಂಡು ಬಿಚ್ಚಿದರು. ಒಳಗಿನ ಕ್ಯಾಸೆಟ್ಟನ್ನು ತಿರುಗಿಸಿ ನೋಡಿದರು. "ಅಲ್ಲಾ, ಇದು ನನ್ನ ಲಲಿತಾ ಸಹಸ್ರನಾಮ. ನೋಡು ವಸಂತಾ, ನನ್ನ ಹೆಸರೇ ಬರ್ದಿದೆ."

ಲಕ್ಷ್ಮೀಕಾಂತನ ಕಾರು ಒಮ್ಮೆ ಜರ್ಕ್ ಹೊಡೆಯಿತು.

"ಅದು... ಡಬ್ಬದಲ್ಲಿ ಅದಲು ಬದಲಾಗಿರ್ಬೇಕು," ಎಂದರು ದ್ವಾರಕಾನಾಥರು, ಮುಂದಿನ ಬಸ್ಸಿನ ಹಿಂಭಾಗವನ್ನು ಗಮನವಿಟ್ಟು ನೋಡುತ್ತ. ಮಾತು ಬೇರೆ ಕಡೆ ತಿರುಗಿಸಬೇಕಿತ್ತು. "ಪಾಪ, ಇದಿಲ್ಲದೆ ನಿಮಗೆ ಶುಕ್ರವಾರ ಕಷ್ಟ ಆಗಿರ್ಬೇಕು."

"ಶುಕ್ರವಾರಾನಾ?" ಎಂದರು ಸುಮಿತ್ರಮ್ಮ. "ಇಲ್ಲ... ಅದು ಬಾಯಿಪಾಠನೇ ಇದೆ. ಇದು ನಮ್ಮನೇಲಿಲ್ಲ ಅನ್ನೋದೇ ಗೊತ್ತಿರ್ಲಿಲ್ಲ." ಆಮೇಲೆ ಏಕೋ ಕಿಟಕಿಯಾಚೆ ನೋಡತೊಡಗಿದರು.

"ಹಾಗಾದ್ರೆ ಪ್ರೋಗ್ರಾಮು?" ಎಂದ ಲಕ್ಷ್ಮೀಕಾಂತ. "ಸರ್, ಎಪ್ಪತ್ತು ಜನ ಬರ್ತಿದಾರೆ."

"ಯೋಚನೆ ಮಾಡ್ಬೇಡಪ್ಪ," ಎಂದು ವಸಂತಲಕ್ಷ್ಮಿ ಕೈಚೀಲಕ್ಕೆ ಕೈಹಾಕಿ ನಿಜವಾದ ಕ್ಯಾಸೆಟ್ಟನ್ನು ಹೊರತೆಗೆದರು. "ಅನ್ನಕ್ಕಿಡುವಾಗ ಪಾವಿನ ಜೊತೆ ಮೇಲೆ ಬಂತು. ಅಕ್ಕಿ ಡಬ್ಬಕ್ಕೆ ಹೇಗೆ ಹೋಯ್ತು ಅಂತ ಮನೆಗೆ ಹೋದ್ಮೇಲೆ ವಿಚಾರಿಸ್ತೀನಿ."

ದ್ವಾರಕಾನಾಥರು ಬಸ್ಸಿನ ಹಿಂಭಾಗದ ಜಾಹೀರಾತನ್ನು ಕಂಠಪಾಠ ಮಾಡಿದರು.

ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅಖಿಲನ ಗೆಳೆಯರು, ಹಿಂದೆಲ್ಲ ಕನ್ನಡ ಸಂಘ. ಅಖಿಲ್ ಫ್ರಾನ್ಸಿನಿಂದ ತರಿಸಿಕೊಂಡಿದ್ದ ಕಂಪ್ಯೂಟರನ್ನೂ ಅದರ ಟೇಪ್ ರೆಕಾರ್ಡರನ್ನೂ ದೊಡ್ಡ ಪರದೆಗೆ ಜೋಡಿಸಿದ್ದ. ಕ್ಯಾಸೆಟ್ಟು ಓಡತೊಡಗಿದಾಗ ಕೀರ್ ಎಂದು, ನೂರು ಜೀರುಂಡೆಗಳನ್ನು ಡಬ್ಬದಲ್ಲಿ ಕುಲುಕಿದ ಸದ್ದು ಬಂತು. ಸುಮಿತ್ರಮ್ಮ ಕಿವಿ ಮುಚ್ಚಿಕೊಂಡರು. ಕೊನೆಗೆ ಪರದೆಯ ಮೇಲೆ ಆ ಮೂರು ಮಹಡಿಯ ಮನೆ ಕಿಟಕಿ ಕಿಟಕಿಯಾಗಿ ಮೂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ತಿಮ್ಮಪ್ಪ ಒಂದು ಗೆರೆಯನ್ನೂ ಅಳಿಸಿರಲಿಲ್ಲ.

ಅದೇ ಕ್ಷಣ ರೆಕಾರ್ಡರಿನೊಳಗೆ ಕಟಕ್ ಎಂದಿತು. ಅಖಿಲ್ ಮುಚ್ಚಳ ತೆಗೆದಾಗ ಟೇಪು ಶಾವಿಗೆಯಂತೆ ಹೊರಬಂದು ತುಂಡಾಯಿತು. ಚಕ್ರದ ಸಂದಿಯಿಂದ ಅವನು ಎರಡು ಬೆರಳಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದ.

"ಆಂಟಿ, ಇದು ಅಕ್ಕಿಕಾಳು ಅಲ್ವಾ?"

"ಸೋನಾ ಮಸೂರಿ," ಎಂದರು ವಸಂತಲಕ್ಷ್ಮಿ, ಗಂಡನ ಕಡೆ ನೋಡದೆ.

ಅಖಿಲನ ಮುಖ ಬಾಡಿತು. "ಗೇಮ್ ಈಗ ಮೆಷಿನ್ ಒಳಗೆ ಬಂದಿದೆ. ಇದೊಂದು ಸಲ ಆಡಬಹುದು. ಮುಗಿದ್ರೆ ಮತ್ತೆ ಲೋಡ್ ಮಾಡೋಕೆ ಟೇಪೇ ಇಲ್ಲ. ಅಂಟಿಸಿದ್ರೂ ಆಗತ್ತೆ ಅಂತ ನಂಬಿಕೆ ಇಲ್ಲ. ಹುಷಾರಾಗಿ ಆಡೋಣ."

ಹುಷಾರಾಗಿಯೇ ಆಡಿದ. ಫ್ರೆಂಚನ್ನು ಫೋನಿನ ಸಹಾಯದಿಂದ ಓದಿ ಕನ್ನಡದಲ್ಲಿ ಹೇಳುತ್ತ ಹೋದ. ಮೊದಲ ಮಹಡಿಯ ಮುದುಕಿಗೆ ಕಳೆದುಹೋದ ಬೆಕ್ಕು ಕೊಟ್ಟ, ಬಾಗಿಲು ತೆರೆಯಿತು. ಎರಡನೇ ಮಹಡಿಯ ಸಂಗೀತಗಾರ ಮಾತಾಡಲು ಯಾರೂ ಇಲ್ಲದೆ ಅಳುತ್ತಿದ್ದ. ಪಕ್ಕದಲ್ಲಿ ಕೂತದ್ದೇ ಸಾಕಾಯಿತು. "ನೋಡಿ," ಎಂದ ಅಖಿಲ್, "ಬೇರೆ ಕಡೆ ಆಗ ರಾಕ್ಷಸರನ್ನ ಸಾಯಿಸ್ತಿದ್ರು. ಈಯಮ್ಮ ಸುಮ್ಮನೆ ಪಕ್ಕದಲ್ಲಿ ಕೂರೋ ಗೇಮ್ ಮಾಡಿದಾರೆ." ಮುಂದಿನ ಸಾಲಿನಲ್ಲಿ ಯಾರೋ ಮೂಗು ಸೇದಿದರು.

ಆಮೇಲೆ ಅಡಿಗೆಮನೆ. ಬಾಗಿಲಲ್ಲಿ ಒಬ್ಬ ಸಣಕಲು ಯುವಕ. ಚೌಕ ಕನ್ನಡಕ, ಚೌಕ ಮೀಸೆ, ಮೈಗೆ ದೊಡ್ಡದಾದ ಸ್ವೆಟರು.

"ಸರ್," ಎಂದು ಲಕ್ಷ್ಮೀಕಾಂತ ಕೂಗಿದ. ಸಭೆಗೆ ಸಭೆಯೇ ಎದ್ದು ಚಪ್ಪಾಳೆ ಹೊಡೆಯಿತು.

ಅಖಿಲ್ ಓದಿದ. "ಮೂರನೇ ಮಹಡಿಯ ಇಂಡಿಯಾದವನು ಬಾಗಿಲಲ್ಲಿ ನಿಂತಿದ್ದಾನೆ. ಅವನಿಗೆ ಮನೆ ನೆನಪಾಗಿದೆ. ಅವನು ಸರಿಯುವುದಿಲ್ಲ." ಪಕ್ಕದ ಕಪಾಟಿನಲ್ಲಿ ಸಾಮಾನುಗಳಿದ್ದವು: ಸೇಬು, ಬ್ರೆಡ್ಡು, ಛತ್ರಿ, ಮೇಣದ ಬತ್ತಿ, ಮೊಟ್ಟೆ, ಬಾಣಲೆ.

'ಕೊಡು ಸೇಬು' ಎಂದು ಒತ್ತಿದ. ಇಂಡಿಯಾದವನು ತಲೆಯಾಡಿಸಿದ. ಮನೆಯ ಒಂದು ದೀಪ ಆರಿತು.

"ಅಯ್ಯೋ, ಪ್ರತಿ ತಪ್ಪಿಗೆ ಒಂದು ದೀಪ ಆರತ್ತೆ. ಎಲ್ಲಾ ಆರಿದ್ರೆ ಆಟ ಮುಗೀತು," ಎಂದ ಅಖಿಲ್. "ಮೊಟ್ಟೆ ಕೊಡೋಣ್ವಾ?"

ಸಭೆ ಒಕ್ಕೊರಲಿನಿಂದ ನಕ್ಕಿತು.

"ಯಾರಿಗೆ ಹೇಳ್ತಿದೀಯಪ್ಪ," ಎಂದರು ಸುಮಿತ್ರಮ್ಮ. "ಅವರು ದ್ವಾರಕಾನಾಥರು."

"ನನ್ನ ಮಗಳ ಎರಡು ಕೇಕ್ ವಾಪಸ್ ಕಳಿಸಿದಾರೆ," ಎಂದು ಹಿಂದಿನಿಂದ ಒಬ್ಬ ತಂದೆ ಸಾಕ್ಷಿ ನುಡಿದ. "ಅದು ಬಿಟ್ಟು ಬೇರೆ ಕೊಡು."

ಬ್ರೆಡ್ಡು ಕೊಟ್ಟರು, ಛತ್ರಿ ಕೊಟ್ಟರು. ಲಕ್ಷ್ಮೀಕಾಂತನ ಸಲಹೆಯಂತೆ ಮೇಣದ ಬತ್ತಿ ಹಚ್ಚಿ ದೀಪಾರಾಧನೆಯನ್ನೂ ಮಾಡಿ ನೋಡಿದರು. ಒಂದೊಂದೇ ಕಿಟಕಿ ಕಪ್ಪಾಯಿತು. ಕೊನೆಗೆ ಒಂದೇ ದೀಪ ಉಳಿಯಿತು. ಅಖಿಲ್ ಕೀಲಿಮಣೆಯ ಮೇಲಿಂದ ಕೈ ತೆಗೆದ. ತಮ್ಮದೇ ಒಳ್ಳೆಯ ಹೆಸರು ತಮ್ಮದೇ ಬಾಗಿಲಿಗೆ ಬೀಗವಾಗಿದ್ದನ್ನು ದ್ವಾರಕಾನಾಥರು ನೋಡುತ್ತ ಕೂತರು.

ಇನ್ನೊಂದು ತಪ್ಪು ನಡೆದರೆ ಆ ಮನೆ ಇನ್ನು ಎಲ್ಲಿಯೂ ಇರುವುದಿಲ್ಲ. ಮೇಜಿನ ಮೇಲೆ ಬಾಗಿ ಕೂತ ಸಿಮೋನ್, ಗಾಜಿಗೆ ಒತ್ತಿದ ಬೆಳಕಿನ ಪೆನ್ನು, ಒಲೆಯ ಮೇಲೆ ಚುಂಯ್ ಎನ್ನುವ ಬೆಣ್ಣೆ, ಎಲ್ಲವೂ ಆರುತ್ತವೆ. ಅದೂ ತಾವು ಹಾಕಿದ ಅಕ್ಕಿಕಾಳಿನಿಂದ. ಹಾಳಾಗಿ ಹೋಗಲಿ ಮರ್ಯಾದೆ ಎಂದುಕೊಂಡು ಕುರ್ಚಿಯ ಕೈ ಹಿಡಿದು ಎದ್ದರು. ಬಾಯಿ ತೆರೆದರು.

"ಆ ಮೊಟ್ಟೆ ಕೊಡಪ್ಪ ಅಖಿಲ್," ಎಂದಿತು ಪಕ್ಕದಿಂದ ಒಂದು ದನಿ.

ವಸಂತಲಕ್ಷ್ಮಿ ಕೂತಲ್ಲಿಂದಲೇ ಹೇಳಿದ್ದರು. ಸಭೆಯ ತಲೆಗಳೆಲ್ಲ ಅವರ ಕಡೆ ತಿರುಗಿದವು. ಅಖಿಲ್ ದೇವರ ಮೇಲೆ ಭಾರ ಹಾಕಿ ಒತ್ತಿದ. ದೀಪ ಆರಲಿಲ್ಲ. ಅಕ್ಷರ ಮೂಡಿತು. "ಹಸಿ ಮೊಟ್ಟೆಯನ್ನು ಅವನು ನೋಡುತ್ತಾನೆ. ಕಾಯುತ್ತಾನೆ."

"ನೋಡಿ, ಬೇಡ ಅಂತಿದಾರೆ," ಎಂದರು ಸುಮಿತ್ರಮ್ಮ ಸಮಾಧಾನದಿಂದ.

"ಹಸೀದು ಕೊಟ್ರೆ ಯಾರು ತಿಂತಾರೆ?" ಎಂದರು ವಸಂತಲಕ್ಷ್ಮಿ. "ಬಾಣಲೆ ಇಟ್ಟು ಒಡೆದು ಹಾಕು. ಆಮ್ಲೆಟ್ ಮಾಡಿ ಕೊಡು."

ಬಾಣಲೆ ಇಟ್ಟರು. ಒಡೆದರು. ಕೊಟ್ಟರು. ಪರದೆಯ ಮೇಲಿನ ಸಣಕಲು ಯುವಕ ತಟ್ಟೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು, ಮೀಸೆ ಕುಣಿಸುತ್ತ ತಿಂದು, ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದ. ಮನೆಯ ದೀಪಗಳೆಲ್ಲ ಒಟ್ಟಿಗೆ ಹತ್ತಿಕೊಂಡವು.

ಕೊನೆಯ ಕೋಣೆಯಲ್ಲಿ ಸಾಮಾನೇನೂ ಇರಲಿಲ್ಲ. ಗೋಡೆಯ ಮೇಲೆ ಒಂದು ಚಿತ್ರ ಮಾತ್ರ ನಿಧಾನವಾಗಿ ಮೂಡಿತು. ಸೀರೆಯುಟ್ಟ ಹುಡುಗಿ, ಹೆಗಲ ಮೇಲಿಂದ ಮುಂದಕ್ಕೆ ಬಂದ ಜಡೆ, ಅದರ ತುಂಬ ಬಿಳಿಯ ಚೌಕಗಳ ಮಲ್ಲಿಗೆ. ಟುಲೂಸಿನ ಕೋಣೆಯ ಮೇಜಿನ ಮೇಲೆ ದ್ವಾರಕಾನಾಥರು ಇಟ್ಟುಕೊಂಡಿದ್ದ ಫೋಟೋ ಅದು. ಕೆಳಗೆ ಅಕ್ಷರ ಒಂದೊಂದಾಗಿ ಬಂದವು. ಅಖಿಲ್ ಮೆಲ್ಲಗೆ ಓದಿದ.

"ಇವಳು ವಸಂತ. ಇವಳು ಬರುವವರೆಗೆ ಅವನಿಗೆ ಒಂದು ಆಮ್ಲೆಟ್ ಸಾಕು."

ವಸಂತಲಕ್ಷ್ಮಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

"ನನ್ನ ಮೂಗು ಇಷ್ಟು ಚೌಕ ಇತ್ತಾ?"

"ಆ ಕಾಲದಲ್ಲಿ ಎಲ್ಲರ ಮೂಗೂ ಚೌಕನೇ ಆಂಟಿ," ಎಂದ ಅಖಿಲ್.

ಲಕ್ಷ್ಮೀಕಾಂತ ಶಾಲು ಬಿಡಿಸಿ ಹಿಡಿದುಕೊಂಡು, ಹೊದ್ದಿಸುವುದೋ ಮಡಿಸುವುದೋ ತಿಳಿಯದೆ ಬಟ್ಟೆ ಒಣಹಾಕುವ ಹಗ್ಗದಂತೆ ನಿಂತಿದ್ದ. "ಹೊದ್ಸಪ್ಪ, ಹೆಂಗೂ ಚಳಿ ಇದೆ," ಎಂದರು ಸುಮಿತ್ರಮ್ಮ. ಹಿಂದಿನಿಂದ ಆ ತಂದೆ ಎದ್ದು ನಿಂತ. "ಸರ್, ನನ್ನ ಮಗಳ ಕೇಕ್?" ಅಷ್ಟು ಹೊತ್ತು ತಡೆದಿದ್ದ ನಗು ಆಗ ಸಭಾಂಗಣದ ಸೂರು ಮುಟ್ಟಿತು. ಶಾಲಿನೊಳಗೆ ದ್ವಾರಕಾನಾಥರು ಆಮೆಯಂತೆ ಕುಗ್ಗಿದರು. ಆದರೂ ಕಣ್ಣು ಪರದೆ ಬಿಟ್ಟು ಬರಲಿಲ್ಲ.

ವಾಪಸ್ ಹೋಗುವಾಗ ಕಾರಿನಲ್ಲಿ ದ್ವಾರಕಾನಾಥರು ಹಿಂದಿನ ಸೀಟಿನ ಕಡೆ ತಿರುಗಿದರು. ಹೆಂಡತಿಯನ್ನು ಕೇಳಿದರು.

"ನಿನಗೆ ಯಾವಾಗ ಗೊತ್ತಾಯ್ತು?"

"ಯೆಲ್ಲೋಸ್ಟೋನಿಗೆ ಟೂರ್ ಹೋದಾಗ. ಹೋಟೆಲಲ್ಲಿ ಬೆಳಗ್ಗೆ ಒಬ್ಬ ಆಮ್ಲೆಟ್ ಹಾಕ್ತಿದ್ನಲ್ಲ, ಅವನ ಮುಂದೆ ನೀವು ಖಾಲಿ ತಟ್ಟೆ ಹಿಡ್ಕೊಂಡು ನಿಂತಿದ್ರಿ. ನನ್ನನ್ನ ಹೆಣ್ಣು ನೋಡೋಕೆ ಬಂದಾಗಲೂ ಹಾಗೆ ನೋಡಿರ್ಲಿಲ್ಲ."

"ಅದಾಗಿ ಇಪ್ಪತ್ತು ವರ್ಷ ಆಯ್ತು. ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಾಚಿಕೊಳ್ತಿದ್ರಿ. ಪಾಪ, ಇರ್ಲಿ ಅಂತ ಬಿಟ್ಟೆ." ಪಕ್ಕಕ್ಕೆ ತಿರುಗಿದರು. "ಸುಮಿತ್ರಕ್ಕ, ಇಷ್ಟಾಯ್ತು. ನಮ್ಮ ಶುಕ್ರವಾರದ್ದೂ ಹೇಳ್ಬಿಡಣ."

"ನೀನೇ ಹೇಳಮ್ಮ," ಎಂದರು ಸುಮಿತ್ರಮ್ಮ, ಹಣ್ಣಿನ ಬುಟ್ಟಿಯ ಹಿಂದೆ ಮುಖ ಮರೆಸಿಕೊಂಡು.

"ಶುಕ್ರವಾರ ಸಹಸ್ರನಾಮ ಹತ್ತು ನಿಮಿಷ ರೀ. ಆಮೇಲೆ ಕೇಕು. ದೊಡ್ಡ ಡಬ್ಬದ್ದು, ಮೊಟ್ಟೆ ಹಾಕಿದ್ದೇ. ನೀವು ಮನೆಗೆ ತರೋಕೆ ಬಿಡ್ತಿರ್ಲಿಲ್ಲ. ಏನ್ ಮಾಡ್ಬೇಕು?"

ದ್ವಾರಕಾನಾಥರಿಗೆ ಪ್ರಸಾದದಿಂದ ಹೊಟ್ಟೆ ತುಂಬಿ ಬರುತ್ತಿದ್ದ ಆ ಶುಕ್ರವಾರಗಳೆಲ್ಲ ಸಾಲಾಗಿ ನೆನಪಾದವು. ಕೋಪ ಬರಬೇಕಿತ್ತು. ಬಂದದ್ದು ಬಾಯಲ್ಲಿ ನೀರು. ಎಷ್ಟೋ ವರ್ಷದಿಂದ ಎದೆಯ ಮೇಲೆ ಹೊತ್ತಿದ್ದ ಕಲ್ಲು ಇಳಿದು, ಅದರಡಿಯಿಂದ ಹಳೆಯ ಹಸಿವೊಂದು ಮೈಮುರಿದು ಎದ್ದಿತು.

"ಹಾಗಾದ್ರೆ ಈ ಶುಕ್ರವಾರ ನಾನೂ ಬರ್ತೀನಿ."

"ಅದು ಹೆಂಗಸರ ಪಾರಾಯಣ," ಎಂದರು ಸುಮಿತ್ರಮ್ಮ ಬುಟ್ಟಿಯ ಹಿಂದಿನಿಂದ. "ಗಂಡಸರಿಗಿಲ್ಲ."

ಮನೆಗೆ ಬಂದು ಶಾಲು ಮಡಿಸಿಟ್ಟು ದ್ವಾರಕಾನಾಥರು ನೆಟ್ಟಗೆ ಅಡಿಗೆಮನೆಗೆ ಹೋದರು. ಫ್ರಿಜ್ಜಿನ ಮೇಲೆ ತಿಮ್ಮಪ್ಪನನ್ನು ಮತ್ತೆ ಅಂಟಿಸಿದರು. ಒಲೆಯ ಮುಂದೆ ಹೆಂಡತಿ ನಿಂತಿದ್ದರು. ಬಾಗಿಲಿಗೆ ಒರಗಿ, ಗಂಟಲು ಸರಿಮಾಡಿಕೊಂಡು, ಸಾಧ್ಯವಾದಷ್ಟು ಮೆತ್ತಗೆ ಕೇಳಿದರು.

"ಹೇಗೂ ಊರಿಗೆಲ್ಲ ಗೊತ್ತಾಯ್ತಲ್ಲ ಕಣೆ. ಇನ್ನೇನು ಮುಚ್ಚುಮರೆ? ಸುಮಿತ್ರಮ್ಮನ ಮನೇಲಿ ಮೊಟ್ಟೆ ಇದ್ದೇ ಇರತ್ತೆ. ಒಂದೇ ಒಂದು ಇಸ್ಕೊಂಡು ಬರ್ಲಾ?"

ವಸಂತಲಕ್ಷ್ಮಿ ತಿರುಗಿ ನೋಡಿದರು. ನೋಟ ಮೃದುವಾಗಿಯೇ ಇತ್ತು. ಬಟ್ಟಲಿಗೆ ಮೊಸರನ್ನ ಹಾಕಿ, ಒಗ್ಗರಣೆ ಸುರಿದು, ಮೇಲೊಂದು ಹಿಡಿ ದಾಳಿಂಬೆ ಉದುರಿಸಿ ಗಂಡನ ಎರಡೂ ಕೈಗಿಟ್ಟರು.

"ಆಯಮ್ಮ ಏನಂತ ಬರ್ದಿದ್ರು ರೀ? ನಾನು ಬರೋವರೆಗೆ ಆಮ್ಲೆಟ್ ಅಂತ ತಾನೆ? ನಾನು ಬಂದು ಬಹಳ ವರ್ಷ ಆಯ್ತು. ಬಾಗಿಲು ಬಿಡಿ, ಮಜ್ಜಿಗೆ ಮೆಣಸಿನಕಾಯಿ ತರ್ತೀನಿ."

ಅಡಿಗೆಮನೆ ಬಾಗಿಲಿನ ಇಂಡಿಯಾದವನು ಬಟ್ಟಲು ಹಿಡಿದು ಪಕ್ಕಕ್ಕೆ ಸರಿದ.